ಬೆಲ್ಲ ತಿಂದರೆ ಕಲ್ಲಿನ ಧೂಳು ಹೋಗುತ್ತಾ?

ಲಗ್ಗೆರೆಯ ಓದುಗರೊಬ್ಬರ ಪತ್ರ: ‘ನಮ್ಮ ಯಜಮಾನರು 14 ವರ್ಷದಿಂದ ಮನೆಗಳಿಗೆ ಗ್ರಾನೈಟ್ ಕತ್ತರಿಸಿ ಕೂರಿಸುತ್ತಾರೆ. ಆರು ತಿಂಗಳಿಂದ ಒಣಕೆಮ್ಮು. ಎರಡು ಮಹಡಿ ಹತ್ತಿದರೆ ಏದುಸಿರು. ಆಸ್ಪತ್ರೆಗೆ ಹೋಗೋಣ ಅಂದರೆ, ಬೆಂಗಳೂರಲ್ಲಿ ಎಲ್ಲರೂ ಧೂಳು ಕುಡಿಯೋರೇ ಅಲ್ವಾ, ರಾತ್ರಿ ಒಂದು ತುಂಡು ಬೆಲ್ಲ ತಿಂದರೆ ಸರಿಹೋಗುತ್ತೆ ಅಂತಾರೆ. ನಾನು ಸುಮ್ನೆ ಹೆದರುತ್ತಿದ್ದೇನಾ? ಹೆಸರು ಹಾಕಬೇಡಿ.’

ಅಮ್ಮಾ, ನೀವು ಸುಮ್ನೆ ಹೆದರುತ್ತಿಲ್ಲ. ಈ ವಾರವೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವರಿಗೆ ಏನಾಗಿದೆ ಎಂದು ಪತ್ರ ಓದಿ ಹೇಳಲು ನಾನು ಡಾಕ್ಟರಲ್ಲ. ಆದರೆ ಕಲ್ಲು ಕತ್ತರಿಸುವವರ ಕೆಮ್ಮನ್ನು ಆರು ತಿಂಗಳು ಬಿಡಬಾರದಿತ್ತು.

ಬೆಲ್ಲದ ನಂಬಿಕೆ ಕಟ್ಟಡ ಕೆಲಸದವರಲ್ಲಿ ತುಂಬಾ ಹಳೆಯದು. ಬಾಳೆಹಣ್ಣು ಅನ್ನುವವರೂ ಇದ್ದಾರೆ. ಆದರೆ ತಿಂದದ್ದು ಹೋಗುವುದು ಹೊಟ್ಟೆಗೆ, ಧೂಳು ಕೂತಿರುವುದು ಶ್ವಾಸಕೋಶದಲ್ಲಿ. ಗಂಟಲು ದಾಟುವಾಗಲೇ ಎರಡರ ದಾರಿ ಬೇರೆಯಾಗುತ್ತದೆ. ಬೆಲ್ಲದಿಂದ ಗಂಟಲಿಗೆ ಹಿತವಾಗಬಹುದು, ಅಷ್ಟೇ.

ಸಂಜೆ ಮನೆಗೆ ಬಂದಾಗ ಅವರ ಹುಬ್ಬು, ರೆಪ್ಪೆಯ ಮೇಲೆ ಬಿಳಿ ಪುಡಿ ಕೂತಿರುತ್ತದಲ್ಲ, ಅದನ್ನು ನೋಡಿ ನಿಮಗೆ ಹೆದರಿಕೆಯಾಗುತ್ತದೆ. ನಿಜವಾಗಿ ಅಪಾಯ ಮಾಡುವುದು ಕಣ್ಣಿಗೆ ಕಾಣದ ಧೂಳು. ದೊಡ್ಡ ಕಣಗಳನ್ನು ಮೂಗು ತಡೆಯುತ್ತದೆ, ಉಳಿದದ್ದು ಕಫದ ಜತೆ ಹೊರಗೆ ಬರುತ್ತದೆ. ಕೆಲವೇ ಮೈಕ್ರಾನ್ ಗಾತ್ರದ ಕಣಗಳು ಮಾತ್ರ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಅವು ಎಷ್ಟು ಸಣ್ಣವು ಎಂದು ಊಹಿಸಿಕೊಳ್ಳಿ. ಗ್ರಾನೈಟಿನಲ್ಲಿ ಸಿಲಿಕಾ ಎಂಬ ಅಂಶ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇರುತ್ತದೆ. ಒಳಗೆ ಹೋದ ಸಿಲಿಕಾವನ್ನು ನುಂಗಿ ಹಾಕಲು ದೇಹದ ಕಾವಲು ಜೀವಕೋಶಗಳು ಬರುತ್ತವೆ, ನುಂಗಿ ತಾವೇ ಸಾಯುತ್ತವೆ. ಆ ಜಾಗದಲ್ಲಿ ಉರಿಯೂತವಾಗಿ ಕಲೆ ಉಳಿಯುತ್ತದೆ. ಗಾಯದ ಕಲೆ ಹೇಗೆ ಗಟ್ಟಿಯಾಗಿ ಹಿಗ್ಗುವುದಿಲ್ಲವೋ ಹಾಗೇ ಶ್ವಾಸಕೋಶವೂ ಬಿಗಿಯುತ್ತಾ ಹೋಗುತ್ತದೆ. ಇದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಕೋಲಾರದ ಚಿನ್ನದ ಗಣಿಯವರನ್ನು ಕಾಡಿದ್ದು ಇದೇ ಕಾಯಿಲೆ. ಗಣಿ 2001ರಲ್ಲಿ ಮುಚ್ಚಿತು. ಅದೇ ಧೂಳು ಈಗ ಜಿಗಣಿಯ ಗ್ರಾನೈಟ್ ಫ್ಯಾಕ್ಟರಿಗಳಲ್ಲಿದೆ, ನಮ್ಮ ನಿಮ್ಮ ಅಡುಗೆಮನೆ ಕಟ್ಟುವಾಗಲೂ ಇದೆ.

ಇಡೀ ಊರೇ ಧೂಳು ಕುಡಿಯುತ್ತಿದೆ ಎಂಬ ಮಾತು ಸುಳ್ಳಲ್ಲ. ಸಣ್ಣ ಧೂಳಿನ ಕಣಗಳು ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಮಿತಿಯೇ 40. ಪೀಣ್ಯದಲ್ಲಿ ಬಸ್ಸಿಗೆ ಕಾಯುವವರಿಗೂ, ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕರಿಗೂ ಇದರ ಪೆಟ್ಟು ಇದೆ. ಆದರೆ ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಕೂತು ಒಣ ಕಲ್ಲಿಗೆ ಬ್ಲೇಡ್ ಹಾಕುವವರ ಧೂಳೇ ಬೇರೆ. ಎರಡನ್ನೂ ಒಂದೇ ಎಂದುಕೊಂಡದ್ದೇ ನಿಮ್ಮ ಯಜಮಾನರ ತಪ್ಪು ಲೆಕ್ಕ.

ಹಾಗಂತ ಅವರನ್ನು ಬೈಯಬೇಡಿ. ಇದರಲ್ಲಿ ನನ್ನಂಥವರ ಪಾಲೂ ಇದೆ. ನಮ್ಮ ಅಡುಗೆಮನೆ ಕಟ್ಟೆ ಮಾಡಿಸುವಾಗ ಕೆಲಸಕ್ಕೆ ಬಂದ ಹುಡುಗ ನೀರಿನ ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿಕೊಂಡು ಬಂದಿದ್ದ. ಒಬ್ಬ ಕತ್ತರಿಸುತ್ತಿದ್ದರೆ ಇನ್ನೊಬ್ಬ ಬ್ಲೇಡಿನ ಮೇಲೆ ಸಣ್ಣಗೆ ನೀರು ಬಿಡುತ್ತಿದ್ದ. ಹೊಸ ಟೈಲ್ಸ್ ಮೇಲೆ ರಾಡಿ ಹರಿಯಿತು. ‘ನೀರು ಹಾಕಬೇಡಿಪ್ಪಾ, ಮನೆಯೆಲ್ಲ ಕೊಳೆ’ ಎಂದವನು ನಾನೇ. ಅವರು ಎದುರಾಡದೆ ಬಾಟಲಿ ಪಕ್ಕಕ್ಕಿಟ್ಟು, ಮೂಗಿಗೆ ಟವೆಲ್ ಸುತ್ತಿಕೊಂಡರು. ಆ ಹೊತ್ತಿಗೆ ನನಗೆ ಟೈಲ್ಸ್ ಕಂಡಿತೇ ಹೊರತು ಅವರ ಎದೆ ಕಾಣಲಿಲ್ಲ. ಆ ಬೇಸರ ಇವತ್ತಿಗೂ ಹೋಗಿಲ್ಲ. ಮನೆ ಕಟ್ಟಿಸುತ್ತಿರುವ ಓದುಗರಲ್ಲಿ ಕೈಮುಗಿದು ಕೇಳುತ್ತೇನೆ, ನೀರು ಹಾಕಲು ಬಿಡಿ. ಆದಷ್ಟೂ ಮನೆಯ ಹೊರಗೆ, ಬಯಲಿನಲ್ಲಿ ಕತ್ತರಿಸಲು ಜಾಗ ಕೊಡಿ. ಕರೆಂಟ್ ಮಷಿನ್ ಪಕ್ಕ ನೀರು ಇರುವುದರಿಂದ ವೈರ್ ಸರಿಯಾಗಿದೆಯಾ, ಲೈನಿಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯಾ ನೋಡಿ. ಕ್ವಾರ್ಟ್ಸ್ ಸ್ಲ್ಯಾಬ್ ಹಾಕಿಸುವವರು ಇನ್ನೂ ಯೋಚಿಸಬೇಕು. ಈ ಕೃತಕ ಕಲ್ಲುಗಳಲ್ಲಿ ಬಹಳಷ್ಟಕ್ಕೆ ಸಿಲಿಕಾ 90 ಪರ್ಸೆಂಟ್ ದಾಟುತ್ತದೆ. ಕೆಲಸಗಾರರು ಚಿಕ್ಕ ವಯಸ್ಸಿಗೇ ಕಾಯಿಲೆ ಬಿದ್ದದ್ದನ್ನು ಕಂಡು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇದನ್ನು ನಿಷೇಧಿಸಿತು.

ಟವೆಲ್‌ನಿಂದ ಉಪಯೋಗ ಬಹಳ ಕಡಿಮೆ. ಎನ್95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತರೆ ಪರವಾಗಿಲ್ಲ, ಗಡ್ಡವಿದ್ದರೆ ಸಂದಿಯಲ್ಲಿ ಧೂಳು ನುಗ್ಗುತ್ತದೆ. ಮಾಸ್ಕ್ ಇದೆಯೆಂದು ನೀರು ಹಾಕುವುದನ್ನು ನಿಲ್ಲಿಸಬಾರದು. ಇನ್ನು ನಿಮಗೊಂದು ಮಾತು. ಅವರ ಅಂಗಿಯನ್ನು ಒಗೆಯುವ ಮುಂಚೆ ಕೊಡವುತ್ತೀರಾ? ಬೇಡ. ನೇರವಾಗಿ ಬಕೆಟ್ ನೀರಿಗೆ ಹಾಕಿ. ಕೊಡವಿದರೆ ಅದೇ ಧೂಳು ನಿಮಗೂ ಮಕ್ಕಳಿಗೂ.

ಆಸ್ಪತ್ರೆ ಅಂದರೆ ನಿಮ್ಹಾನ್ಸ್ ಹತ್ತಿರ ಸರ್ಕಾರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಹಳಬರು ಎಸ್‌ಡಿಎಸ್ ಟಿ.ಬಿ. ಆಸ್ಪತ್ರೆ ಎನ್ನುತ್ತಾರೆ. ಎದೆಯ ಎಕ್ಸ್‌ರೇ ಮಾಡುತ್ತಾರೆ, ಕೊಳವೆಗೆ ಜೋರಾಗಿ ಊದಿಸಿ ಉಸಿರಿನ ಶಕ್ತಿ ಅಳೆಯುತ್ತಾರೆ. ಕಫ ಪರೀಕ್ಷೆಯನ್ನೂ ಮಾಡಿಸಿ. ಸಿಲಿಕಾ ಸೇರಿದ ಶ್ವಾಸಕೋಶಕ್ಕೆ ಟಿ.ಬಿ. ಬೇಗ ಅಂಟುತ್ತದೆ. ಎಕ್ಸ್‌ರೇಯಲ್ಲಿ ಒಂದು ಇನ್ನೊಂದರಂತೆ ಕಾಣುವುದೂ ಉಂಟು. ಟಿ.ಬಿ. ಆಗಿದ್ದರೆ ಔಷಧಿ ಉಚಿತ, ವಾಸಿಯಾಗುತ್ತದೆ. ಸಿಲಿಕೋಸಿಸ್ ಆಗಿದ್ದರೆ ಬಿದ್ದ ಕಲೆ ಹೋಗುವುದಿಲ್ಲ, ಸುಳ್ಳು ಸಮಾಧಾನ ಹೇಳಲಾರೆ. ಆದರೆ ಧೂಳಿನಿಂದ ದೂರವಾದಷ್ಟೂ ಮುಂದಿನ ಹಾನಿ ತಗ್ಗುತ್ತದೆ. ಬೀಡಿ ಸೇದುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸಬೇಕು.

ಅವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿದ್ದಾರಾ? 18ರಿಂದ 60 ವರ್ಷದೊಳಗಿದ್ದು, ಹಿಂದಿನ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ನೋಂದಾಯಿಸಬಹುದು. ಇಲ್ಲದಿದ್ದರೆ ಈಗಲೇ ಅರ್ಜಿ ಹಾಕಿ.

ಡಾಕ್ಟರ ಮುಂದೆ ಅವರು ‘ಸ್ವಲ್ಪ ಕೆಮ್ಮು’ ಎಂದಷ್ಟೇ ಹೇಳಿ ಎದ್ದು ಬಂದಾರು. ಅದಕ್ಕೆ ಒಂದು ಚೀಟಿ ಬರೆದುಕೊಂಡು ಹೋಗಿ. ಕಲ್ಲು ಕತ್ತರಿಸುವ ಕೆಲಸ, 14 ವರ್ಷ, ದಿನಕ್ಕೆ ಎಷ್ಟು ತಾಸು, ನೀರು ಹಾಕಿಯೋ ಒಣಗೋ, ಕೆಮ್ಮು ಯಾವಾಗಿಂದ, ತೂಕ ಇಳಿದಿದೆಯಾ. ಡಾಕ್ಟರ್ ಕೇಳದಿದ್ದರೂ ನೀವೇ ಕೈಗೆ ಕೊಡಿ. ವರದಿ ಬಂದ ಮೇಲೆ ನನಗೂ ಎರಡು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ