ಜೆಲ್ ಗೋಲಿ ಉಬ್ಬೋವಾಗ ಮೈ ಯಾಕೆ ಸುಕ್ಕಾಗುತ್ತೆ?

ಪ್ರಶ್ನೆ: ಹೂಕುಂಡಕ್ಕೆ ಹಾಕೋಣ ಅಂತ ಸಾಸಿವೆ ಗಾತ್ರದ ಜೆಲ್ ಗೋಲಿ ತಂದು ಮಳೆನೀರಲ್ಲಿ ನೆನೆಹಾಕಿದ್ವಿ. ಸ್ವಲ್ಪ ಹೊತ್ತಿಗೆ ಮೈಯೆಲ್ಲಾ ಹಲಸಿನ ಸಿಪ್ಪೆ ಥರ ಗಂಟುಗಂಟು, ಸಂಜೆ ನೋಡಿದ್ರೆ ನುಣ್ಣಗೆ! ಮಗಳು ಯಾಕೆ ಅಂತ ಬಿಡ್ತಾ ಇಲ್ಲ. ನೀರೊಳಗೆ ಜಾರೋ ಗೋಲಿ ಹೊರಗೆ ತೆಗೆದು ಆರಿದ್ಮೇಲೆ ಬೆರಳಿಗೆ ಅಂಟೋದ್ಯಾಕೆ ಅಂತಾನೂ ಹೇಳಿ.
- ಸೋಮವಾರಪೇಟೆ ಹತ್ರದ ಓದುಗರು

ಉತ್ತರ: ನಿಮ್ಮ ಮಗಳು ತುಂಬಾ ಒಳ್ಳೇದನ್ನ ಗಮನಿಸಿದ್ದಾಳೆ, ಅವಳಿಗೆ ನನ್ನ ಶಭಾಷ್ ಹೇಳಿ.

ಈ ಗೋಲಿ ಅಂದ್ರೆ ಉದ್ದುದ್ದ ಪಾಲಿಮರ್ (ಸಣ್ಣ ಅಣುಗಳು ಸರಪಳಿ ಥರ ಸೇರಿರೋ) ಎಳೆಗಳನ್ನ ಅಲ್ಲಲ್ಲಿ ಗಂಟು ಹಾಕಿರೋ ಬಲೆ. ಎಳೆ ಮೇಲೆ ಋಣ ಚಾರ್ಜ್ ಇರುತ್ತೆ, ಅದರ ಜೊತೆಗಿರೋ ಸೋಡಿಯಂ ಥರದ ಅಯಾನುಗಳು (ಧನ ಚಾರ್ಜ್ ಇರೋ ಕಣಗಳು) ಬಲೆಯೊಳಗೇ ಇರ್ಬೇಕಾಗಿರೋದ್ರಿಂದ ಅವನ್ನ ತೆಳು ಮಾಡೋಕೆ ಹೊರಗಿನ ನೀರು ಒಳಗೆ ನುಗ್ಗುತ್ತೆ. ಆದ್ರೆ ನೀರು ಒಂದೇ ಸಲ ನಡುವಿನ ತನಕ ಹೋಗಲ್ಲ, ಮೊದ್ಲು ಸಿಪ್ಪೆ ಕುಡಿಯುತ್ತೆ, ತಿರುಳು ಇನ್ನೂ ಒಣಗಿ ಗಟ್ಟಿಯಾಗೇ ಇರುತ್ತೆ. ಸಿಪ್ಪೆಗೆ ಅಗಲ ಆಗ್ಬೇಕು, ತಿರುಳು ಬಿಡಲ್ಲ, ಹೆಚ್ಚಾದ ಮೈಗೆ ಜಾಗ ಇಲ್ದೆ ಮಡಚಿಕೊಳ್ಳುತ್ತೆ. ಅಗಲದ ಸೀರೆ ಸಣ್ಣ ಸೊಂಟಕ್ಕೆ ನೆರಿಗೆ ಆಗಲೇಬೇಕಲ್ವಾ, ಹಾಗೆ (ಕೊಡವ ಸೀರೇಲಿ ನೆರಿಗೆ ಹಿಂದೆ ಹೋಗುತ್ತೆ ಅಷ್ಟೇ). ನೆನೆದ ಪದರ ದಪ್ಪ ಆಗ್ತಾ ಹೋದ ಹಾಗೆ ಸಣ್ಣ ಮಡಿಕೆಗಳು ಸೇರ್ಕೊಂಡು ದೊಡ್ಡದಾಗ್ತವೆ, ತಿರುಳೂ ನೆನೆದ್ಮೇಲೆ ಎಳೆದಾಟ ಮುಗೀತು, ಮೈ ನುಣ್ಣಗೆ. ಈ ವಿನ್ಯಾಸದ ಬಗ್ಗೆ ಅಮೆರಿಕದ ಎಂಐಟಿಯ ತೊಯೊಇಚಿ ತನಾಕಾ ಮತ್ತವರ ಜೊತೆಯವರು 1987ರಲ್ಲಿ 'ನೇಚರ್' ಪತ್ರಿಕೇಲಿ ಬರೆದಿದ್ರು. ಗೋಲಿ ಎರಡು ಪಟ್ಟು ದಪ್ಪ ಇದ್ರೆ ನೆನೆಯೋಕೆ ಹೆಚ್ಚುಕಮ್ಮಿ ನಾಲ್ಕು ಪಟ್ಟು ಹೊತ್ತು ಬೇಕು, ಅದಕ್ಕೇ ದೊಡ್ಡ ಗೋಲೀಲಿ ಸುಕ್ಕು ತುಂಬಾ ಹೊತ್ತು ಕಾಣುತ್ತೆ.

ಇನ್ನು ಜಾರೋದು. ನೀರೊಳಗೆ ಗೋಲಿ ಮೈಯೇ ಹೆಚ್ಚುಕಮ್ಮಿ ಪೂರ್ತಿ ನೀರು, ಗೋಲಿಗೂ ಬೆರಳಿಗೂ ನಡುವಿನ ನೀರಿನ ಪೊರೆ ಸುಲಭಕ್ಕೆ ಹೋಗಲ್ಲ, ಹಿಡಿತ ಎಲ್ಲಿಂದ ಬರ್ಬೇಕು? ನಮ್ಮಲ್ಲಿ ಕಾಫಿ ಪಲ್ಪ್ ಮಾಡಿದವರಿಗೆ (ಹಣ್ಣಿನ ಸಿಪ್ಪೆ ಬಿಡಿಸಿದವರಿಗೆ) ಇದು ಕೈಗೇ ಗೊತ್ತು. ಬೀಜದ ಮೇಲಿನ ಲೋಳೆಯೂ ಪೆಕ್ಟಿನ್ ಅನ್ನೋ ಪಾಲಿಮರ್ ಇರೋ ಜೆಲ್ಲೇ, ತೊಟ್ಟೀಲಿ ಹುಳಿ ಬಂದು ಆ ಬಲೆ ಕಡಿದುಹೋದ್ಮೇಲೆ ಬೀಜ ತೊಳೆದು ಉಜ್ಜಿದ್ರೆ ಕಲ್ಲಿನ ಹಾಗೆ ಗರಗರ ಅನ್ನುತ್ತೆ.

ಹೊರಗೆ ತೆಗೆದಾಗ ಮಧ್ಯದ ನೀರು ಕಮ್ಮಿಯಾಗುತ್ತೆ, ಉಳಿದ ತೆಳು ನೀರು ಗೋಲಿ, ಬೆರಳು ಎರಡನ್ನೂ ಹತ್ತಿರ ಎಳೆಯುತ್ತೆ, ಜೊತೆಗೆ ಜೆಲ್ ಎಷ್ಟು ಮೆತ್ತಗೆ ಅಂದ್ರೆ ಬೆರಳಿನ ಗೆರೆಗಳೊಳಗೂ ಕೂತ್ಕೊಳ್ಳುತ್ತೆ. ಗಾಜಿನ ಗೋಲಿ ಹಾಗೆ ಬಗ್ಗಲ್ಲ, ಬೆರಳಿಗೆ ತಾಗೋ ಜಾಗ ಕಮ್ಮಿ, ಅದಕ್ಕೇ ಅಂಟಲ್ಲ. ಮೇಲ್ಮೈ ಸೆಳೆತಕ್ಕೂ ವಸ್ತುವಿನ ಬಿಗಿತಕ್ಕೂ ನಡೆಯೋ ಈ ಹಗ್ಗಜಗ್ಗಾಟದ ಲೆಕ್ಕವನ್ನ 1971ರಲ್ಲಿ ಜಾನ್ಸನ್, ಕೆಂಡಾಲ್, ರಾಬರ್ಟ್ಸ್ ಅನ್ನೋ ಮೂವರು ಕೊಟ್ಟರು, ಇವತ್ತಿಗೂ ಅದೇ ಬಳಕೇಲಿದೆ.

ಮಗಳ ಜೊತೆ ಒಂದು ಬಟ್ಟಲು ಮಳೆನೀರು, ಇನ್ನೊಂದು ಉಪ್ಪುನೀರು ಇಟ್ಟು ನೋಡಿ, ಉಪ್ಪಲ್ಲಿ ಗೋಲಿ ಅಷ್ಟು ಉಬ್ಬಲ್ಲ. ಆದ್ರೆ ಒಣ ಗೋಲಿ ಪುಟ್ಟ ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಿ, ನುಂಗಿದ್ರೆ ಹೊಟ್ಟೆಯೊಳಗೆ ಉಬ್ಬಿ ಕರುಳು ಕಟ್ಟಿಕೊಳ್ಳಬಹುದು. ನುಂಗಿದೆ ಅಂತ ಅನುಮಾನ ಬಂದ್ರೂ ಸಾಕು, ಕಾಯದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ.