ವಿಧಾನ ಪರಿಷತ್ತು ಮಸೂದೆ ತಿರಸ್ಕರಿಸಿದರೆ ಜಂಟಿ ಅಧಿವೇಶನ ಕರೆಯುತ್ತಾರೆಯೇ?

ಇಲ್ಲ. ಎರಡೂ ಸದನಗಳು ಒಟ್ಟಿಗೆ ಸೇರುವ ಜಂಟಿ ಅಧಿವೇಶನದಲ್ಲಿ ಮಸೂದೆಯನ್ನು ಮತಕ್ಕೆ ಹಾಕುವುದು ಸಂಸತ್ತಿನಲ್ಲಿ ಮಾತ್ರ, ರಾಜ್ಯಗಳಿಗೆ ಆ ದಾರಿಯೇ ಇಲ್ಲ. ರಾಜ್ಯದಲ್ಲಿ ಸಂವಿಧಾನದ 197ನೇ ವಿಧಿ ಅನ್ವಯಿಸುತ್ತದೆ.

ವಿಧಾನಸಭೆ ಅಂಗೀಕರಿಸಿದ ಮಸೂದೆಯನ್ನು ಪರಿಷತ್ತು ತಿರಸ್ಕರಿಸಿದರೆ, ಸಭೆ ಒಪ್ಪದ ತಿದ್ದುಪಡಿ ಮಾಡಿದರೆ ಅಥವಾ 3 ತಿಂಗಳು ಸುಮ್ಮನೆ ಇಟ್ಟುಕೊಂಡರೆ, ಸಭೆ ಅದನ್ನು ಮತ್ತೊಮ್ಮೆ ಅಂಗೀಕರಿಸಿ ಕಳಿಸಬಹುದು. ಅದೇ ಅಧಿವೇಶನದಲ್ಲೂ ಆಗಬಹುದು. ಎರಡನೇ ಸಲ ಪರಿಷತ್ತಿಗೆ ಸಿಗುವುದು 1 ತಿಂಗಳು. ಆಗಲೂ ತಿರಸ್ಕರಿಸಿದರೆ ಅಥವಾ ಅವಧಿ ಮುಗಿದರೆ, ಎರಡೂ ಸದನಗಳು ಅಂಗೀಕರಿಸಿದಂತೆಯೇ ಲೆಕ್ಕ. ಹಲವರು ಎಡವುವುದು ದಿನ ಎಣಿಸುವಲ್ಲಿ: ಅವಧಿ ಶುರುವಾಗುವುದು ಸಭೆ ಅಂಗೀಕರಿಸಿದ ದಿನದಿಂದಲ್ಲ, ಪರಿಷತ್ತಿನಲ್ಲಿ ಮಸೂದೆ ಮಂಡನೆಯಾದ ದಿನದಿಂದ.

ತೆರಿಗೆ, ಖರ್ಚಿನಂಥ ವಿಷಯಗಳಷ್ಟೇ ಇರುವ ಹಣಕಾಸು ಮಸೂದೆಗೆ (ಮನಿ ಬಿಲ್) ಇಷ್ಟೂ ಇಲ್ಲ. 14 ದಿನದೊಳಗೆ ಪರಿಷತ್ತು ಶಿಫಾರಸು ಮಾಡಬಹುದು, ಒಪ್ಪುವುದು ಬಿಡುವುದು ಸಭೆಗೆ ಸೇರಿದ್ದು.

ಹಾಗಾಗಿ ಕರ್ನಾಟಕದ 75 ಸದಸ್ಯರ ಪರಿಷತ್ತು 224 ಸದಸ್ಯರ ಸಭೆಯನ್ನು ತಡೆಯಲಾರದು, ತಡ ಮಾಡಬಲ್ಲದು ಅಷ್ಟೆ. ಆದರೆ ಆ ತಡವನ್ನು ಹಗುರವಾಗಿ ನೋಡಬೇಡಿ. ಸರ್ಕಾರದ ಅವಧಿಯ ಕೊನೆಯಲ್ಲಿ ಮಸೂದೆ ಪರಿಷತ್ತಿನಲ್ಲಿ ಬಾಕಿ ಇರುವಾಗಲೇ ಸಭೆ ವಿಸರ್ಜನೆಯಾದರೆ ಅದು ಬಿದ್ದುಹೋಗುತ್ತದೆ, ಹೊಸ ಸಭೆಯಲ್ಲಿ ಮೊದಲಿನಿಂದ ಶುರು.

ಇನ್ನೊಂದು ಮಾತು, ಇದೆಲ್ಲ ಸಭೆಯಲ್ಲಿ ಹುಟ್ಟಿದ ಮಸೂದೆಗೆ. ಪರಿಷತ್ತಿನಲ್ಲಿ ಹುಟ್ಟಿದ್ದನ್ನು ಸಭೆ ತಿರಸ್ಕರಿಸಿದರೆ ಅಲ್ಲಿಗೆ ಮುಗಿಯಿತು. ಯಾವ ದಾರಿಯಲ್ಲಿ ಬಂದರೂ ರಾಜ್ಯಪಾಲರ ಅಂಕಿತ, ಅಥವಾ ಅವರು ಕಾಯ್ದಿರಿಸಿ ಕಳಿಸಿದರೆ ರಾಷ್ಟ್ರಪತಿಗಳ ಅಂಕಿತ, ಬಿದ್ದ ಮೇಲೆಯೇ ಅದು ಕಾಯ್ದೆ.