ಫೋನಿನ 4ಕೆ ವಿಡಿಯೋ ಎಡಿಟ್ ಮಾಡುವಾಗ ಕಂಪ್ಯೂಟರ್ ತಡವರಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕಾ?

ಸುಮ್ನೆ ದುಡ್ಡು ಹಾಕಬೇಡಿ. ಎಡಿಟಿಂಗ್ ನಡೆಯುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ನೋಡಿ. ಮೆಮೊರಿ ಶೇ. 90 ದಾಟಿದ್ದರೆ ಮೊದಲು ರ‍್ಯಾಮ್ ಹೆಚ್ಚಿಸಿ. ಈ ಕೆಲಸಕ್ಕೆ 8 ಜಿಬಿ ಸಾಲುವುದಿಲ್ಲ. 16 ಇದ್ದರೆ ನಡೆಯುತ್ತದೆ, 32 ಇದ್ದರೆ ನಿರಾಳ.

ರ‍್ಯಾಮ್ ಖಾಲಿ ಇದ್ದೂ ತಡವರಿಸುತ್ತಾ? ಹಾಗಾದರೆ ಫೈಲ್ ಮೇಲೆ ಅನುಮಾನ. ಈಗಿನ ಎಷ್ಟೋ ಫೋನುಗಳು ವಿಡಿಯೋವನ್ನು ಎಚ್.265 ಎಂಬ ಕುಗ್ಗಿಸುವ ವಿಧಾನದಲ್ಲಿ ಉಳಿಸುತ್ತವೆ. ಜಾಗ ಉಳಿಸಲು ಅದು ಪ್ರತಿ ಫ್ರೇಮನ್ನೂ ಪೂರ್ತಿ ಇಡುವುದಿಲ್ಲ, ಹೆಚ್ಚಿನ ಕಡೆ ಬದಲಾದದ್ದನ್ನಷ್ಟೇ ಇಡುತ್ತದೆ. ನೀವು ಟೈಮ್‌ಲೈನ್ ಎಳೆದಾಗೆಲ್ಲ ಕಂಪ್ಯೂಟರ್ ಅಕ್ಕಪಕ್ಕದ ಫ್ರೇಮುಗಳನ್ನೂ ಬಿಚ್ಚಿ ಲೆಕ್ಕ ಹಾಕಬೇಕು, ಪಾಪ. ಎಡಿಟಿಂಗ್ ಸಾಫ್ಟ್‌ವೇರ್‌ಗಳಾದ ಡಾವಿಂಚಿ ರಿಸಾಲ್ವ್, ಪ್ರೀಮಿಯರ್ ಪ್ರೊ ಎರಡರಲ್ಲೂ ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆಂದೇ ಫೈಲಿನ ಹಗುರ ನಕಲು ಮಾಡಿಕೊಳ್ಳುವ ಸೌಲಭ್ಯ ಇದೆ. ಸಣ್ಣ ನಕಲಿನ ಮೇಲೆ ಕತ್ತರಿಸಿ, ಕೊನೆಗೆ ಮೂಲ ಫೈಲಿನಿಂದಲೇ ಎಕ್ಸ್‌ಪೋರ್ಟ್ ಮಾಡಿ. ಪೈಸೆ ಖರ್ಚಿಲ್ಲ, ಡಿಸ್ಕಿನಲ್ಲಿ ಸ್ವಲ್ಪ ಜಾಗ ಜಾಸ್ತಿ ಬೇಕು ಅಷ್ಟೇ.